ಬರಹದಲ್ಲಿದ್ದು ಬಾಯಿಗೆ ಬಾರದ ಅಕ್ಷರಗಳು: ಇಂಗ್ಲಿಷ್ ಪದಗಳ ಕೆಲವು ಕುಟುಂಬಗಳು

ಮುಂಬಯಿಯ ಘಾಟ್ಕೋಪರ್ ರೈಲು ನಿಲ್ದಾಣದ ಫಲಕವನ್ನು ದೇವನಾಗರಿಯಲ್ಲಿ ಓದುವವರಿಗೆ ಮೊದಲ ಅಕ್ಷರ ‘ಘ’ ಎಂಬುದರಲ್ಲಿ ಯಾವ ಸಂಶಯವೂ ಬರುವುದಿಲ್ಲ. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆ ಮಹಾಪ್ರಾಣಕ್ಕೆಂದು ಜಿ ಮತ್ತು ಎಚ್ ಅಕ್ಷರಗಳನ್ನು ಜೋಡಿಸಲಾಗಿದೆ. ಕೆಂಪ್ಸ್ ಕಾರ್ನರಿನಿಂದ ಚೌಪಾಟಿಯ ಕಡೆಗೆ ಇಳಿಯುವ ರಸ್ತೆಯನ್ನು ಹಳಬರು ಇಂದಿಗೂ ಕರೆಯುವ ‘ಹ್ಯೂಸ್ ರೋಡ್’ ಎಂಬ ಹೆಸರಿನ ನಡುವೆಯೂ ಇದೇ ಜಿ-ಎಚ್ ಜೋಡಿ ಇದೆ, ಆದರೆ ಅಲ್ಲಿ ಅದಕ್ಕೆ ಧ್ವನಿಯೇ ಇಲ್ಲ. ಮಕ್ಕಳ ‘ರಫ್’ ಪುಸ್ತಕದಲ್ಲಿ ಅದು ‘ಫ್’ ಆಗುತ್ತದೆ; ದೆವ್ವ ಎಂಬ ಅರ್ಥದ ‘ಗೋಸ್ಟ್’ ಪದದಲ್ಲಿ ಬರೀ ‘ಗ’ ಆಗಿ ಉಳಿಯುತ್ತದೆ. ಒಂದೇ ಜೋಡಿಗೆ ನಾಲ್ಕು ನಡೆ.

ಮಾಟುಂಗ, ವಡಾಲ, ಡೊಂಬಿವಲಿಗಳ ಕನ್ನಡ ಮನೆಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಶಾಲೆಯಲ್ಲಿ ಮರಾಠಿ ಮತ್ತು ಹಿಂದಿಯನ್ನು ಓದುತ್ತಾರೆ. ಈ ಭಾಷೆಗಳಲ್ಲೆಲ್ಲ ಬರೆದದ್ದಕ್ಕೂ ನುಡಿದದ್ದಕ್ಕೂ ಹೆಚ್ಚು ಅಂತರವಿಲ್ಲದ ಕಾರಣ, ಅವರಿಗೆ ಅಕ್ಷರವೆಂದರೆ ಧ್ವನಿ ಎಂಬ ನಂಬಿಕೆ ಗಟ್ಟಿಯಾಗಿಯೇ ಬೇರೂರಿರುತ್ತದೆ. ಸಂಜೆಯ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದುಂಟು: “ಸರ್, ಓದಬಾರದ ಅಕ್ಷರವನ್ನು ಬರೆಯುವುದಾದರೂ ಯಾಕೆ?” ಅದು ‘ಸೈಲೆಂಟ್’, ಹಾಗೆಯೇ ಬಾಯಿಪಾಠ ಮಾಡು ಎಂಬುದು ನಮ್ಮ ಪಾಠಗಳಲ್ಲಿ ಬಹುಕಾಲದಿಂದ ಸಿಗುತ್ತ ಬಂದಿರುವ ಉತ್ತರ. ಆ ಉತ್ತರ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಕ್ಷರಗಳಲ್ಲಿ ಬಹುಪಾಲು ಒಂದು ಕಾಲದಲ್ಲಿ ಬಾಯಲ್ಲಿ ಇದ್ದವು. ಉಳಿದವು ಏಕೆ ಬಂದವು ಎಂಬುದಕ್ಕೂ ತಿಳಿದ ಕಾರಣಗಳಿವೆ. ಒಂದೇ ಅಕ್ಷರಜೋಡಿಯುಳ್ಳ ಪದಗಳನ್ನು ಅರ್ಥಸಹಿತ ಒಟ್ಟಿಗೆ ಇಟ್ಟು ನೋಡಿದರೆ ಆ ಕಾರಣ ಕಾಣುತ್ತದೆ, ಕಾರಣ ಕಂಡ ಮೇಲೆ ಸ್ಪೆಲ್ಲಿಂಗ್ ಮರೆಯುವುದು ಕಷ್ಟ.

ಧ್ವನಿ ಬದಲಾಗುವುದು ಇಂಗ್ಲಿಷಿಗೆ ಮಾತ್ರ ಬಂದ ಪಾಡಲ್ಲ. ಹಳಗನ್ನಡದ ‘ಪಾಲ್’ ಇಂದು ‘ಹಾಲು’, ‘ಪುಲಿ’ ಇಂದು ‘ಹುಲಿ’, ‘ಪೆಸರ್’ ಇಂದು ‘ಹೆಸರು’. ಕನ್ನಡದಲ್ಲಿ 10ನೇ ಶತಮಾನದ ಆಚೀಚೆ ಪದದ ಆದಿಯ ಪಕಾರ ಹಕಾರವಾಗತೊಡಗಿದಾಗ, ಬರೆಯುವವರೂ ಕ್ರಮೇಣ ಅಕ್ಷರವನ್ನು ಬದಲಾಯಿಸಿಕೊಂಡರು. ತುಳುವರು ಮಾತ್ರ ಇಂದಿಗೂ ‘ಪಿಲಿ’ ಎಂದೇ ಹೇಳುತ್ತಾರೆ, ‘ಪೂ’ ಎಂದೇ ಹೇಳುತ್ತಾರೆ. ನಾವು ‘ಪುಲಿ’ ಎಂದು ಬರೆದು ‘ಹುಲಿ’ ಎಂದು ಓದುವ ರೂಢಿಯನ್ನು ಉಳಿಸಿಕೊಂಡಿದ್ದರೆ ನಮ್ಮ ಸ್ಥಿತಿ ಇಂಗ್ಲಿಷರ ಸ್ಥಿತಿಯಂತೆಯೇ ಆಗುತ್ತಿತ್ತು. ಇಂಗ್ಲಿಷಿನಲ್ಲಿ ನಡೆದದ್ದು ನಿಖರವಾಗಿ ಅದು: ಧ್ವನಿ ಹೋಯಿತು, ಅಕ್ಷರ ಉಳಿಯಿತು.

ಅದು ಉಳಿದದ್ದಕ್ಕೆ ಅಚ್ಚುಯಂತ್ರ ಒಂದು ದೊಡ್ಡ ಕಾರಣ. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಅದಕ್ಕೆ ಮೊದಲು ಒಬ್ಬೊಬ್ಬ ಲಿಪಿಕಾರನು ತನ್ನ ಪ್ರಾಂತದ ಮಾತಿನಂತೆ ಬರೆಯುತ್ತಿದ್ದನು. ಅಚ್ಚಿನ ಪುಸ್ತಕಗಳು ಹರಡಿದಂತೆ ಸ್ಪೆಲ್ಲಿಂಗ್ ಒಂದು ಹದಕ್ಕೆ ನಿಲ್ಲತೊಡಗಿತು. ದುರ್ದೈವವೆಂದರೆ ಅದೇ ಎರಡು ಮೂರು ಶತಮಾನಗಳಲ್ಲಿ ಇಂಗ್ಲಿಷಿನ ಉಚ್ಚಾರಣೆ ಹಿಂದೆಂದೂ ಇಲ್ಲದಷ್ಟು ವೇಗವಾಗಿ ಬದಲಾಗುತ್ತಿತ್ತು. ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದವು, ಕೆಲವು ವ್ಯಂಜನಗಳು ಬಿದ್ದುಹೋದವು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಹೊರಬರುವ ಹೊತ್ತಿಗೆ ಬಾಯಿ ಮತ್ತು ಬರಹ ಬೇರೆಬೇರೆ ದಾರಿ ಹಿಡಿದಾಗಿತ್ತು. ಆ ನಿಘಂಟು ಬರಹಕ್ಕೆ ಮುದ್ರೆ ಒತ್ತಿತು.

ಇನ್ನು ಕುಟುಂಬಗಳಿಗೆ ಬರೋಣ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೆ-ಎನ್ ಎಂದು ಆರಂಭವಾಗುವ ಪದಗಳ ಗುಂಪು. ನೀ ಎಂದರೆ ಮೊಣಕಾಲು, ನೀಲ್ ಎಂದರೆ ಮೊಣಕಾಲೂರುವುದು, ನೈಫ್ ಎಂದರೆ ಚಾಕು, ನಾಟ್ ಎಂದರೆ ಗಂಟು, ನಿಟ್ ಎಂದರೆ ಉಲ್ಲನ್ನಿನಲ್ಲಿ ಹೆಣೆಯುವುದು, ನೀಡ್ ಎಂದರೆ ಹಿಟ್ಟನ್ನು ನಾದುವುದು, ನಾಕ್ ಎಂದರೆ ಬಾಗಿಲು ತಟ್ಟುವುದು, ನಕಲ್ ಎಂದರೆ ಬೆರಳಿನ ಗೆಣ್ಣು, ನಾಬ್ ಎಂದರೆ ಬಾಗಿಲಿನ ಅಥವಾ ರೇಡಿಯೋದ ಗುಂಡನೆಯ ಹಿಡಿ, ನೋಲ್ ಎಂದರೆ ದಿಬ್ಬ, ನೆಲ್ ಎಂದರೆ ಸತ್ತವರಿಗಾಗಿ ಹೊಡೆಯುವ ಗಂಟೆಯ ನಾದ, ನ್ಯಾಕ್ ಎಂದರೆ ಕೈಚಳಕ. ಗೆಣ್ಣು, ಗಂಟು, ದಿಬ್ಬ, ಮೊಣಕಾಲು, ಗುಂಡನೆಯ ಹಿಡಿ ಎಂಬ ಅರ್ಥಗಳನ್ನು ಒಟ್ಟಿಗೆ ನೋಡಿದರೆ ಉಬ್ಬಿದ, ಗಂಟುಕಟ್ಟಿದ ವಸ್ತುಗಳ ಹೆಸರುಗಳಿಗೆ ಈ ಜೋಡಿ ಎಷ್ಟು ಒಗ್ಗಿಕೊಂಡಿದೆ ಎಂಬುದು ಕಾಣುತ್ತದೆ.

ಈ ಪದಗಳಲ್ಲೆಲ್ಲ ಕಕಾರವನ್ನು ಹಿಂದಿನ ಇಂಗ್ಲಿಷರು ಸ್ಪಷ್ಟವಾಗಿ ನುಡಿಯುತ್ತಿದ್ದರು. ಮೊಣಕಾಲು ಅವರ ಬಾಯಲ್ಲಿ ‘ಕ್ನೇ’ ಎಂಬಂತೆ ಇತ್ತು. 17ನೇ ಶತಮಾನ ಮುಗಿಯುವ ಹೊತ್ತಿಗೆ ಆ ಕಕಾರ ನಿಂತುಹೋಯಿತು. ಇಂಗ್ಲಿಷಿನ ಹತ್ತಿರದ ಬಂಧುವಾದ ಜರ್ಮನ್ ಭಾಷೆಯಲ್ಲಿ ಅದು ಇಂದಿಗೂ ಜೀವಂತವಾಗಿದೆ. ಜರ್ಮನರು ಮೊಣಕಾಲಿಗೆ ‘ಕ್ನೀ’ ಎನ್ನುತ್ತಾರೆ. ಕನ್ನಡ ಬಿಟ್ಟ ಪಕಾರವನ್ನು ತುಳು ಕಾಪಾಡಿಕೊಂಡಂತೆಯೇ ಇದು.

ಇದೇ ಪದದ ಇನ್ನೊಂದು ದೂರದ ನಂಟು ನಮ್ಮಲ್ಲಿಯೇ ಇದೆ. ಇಂಗ್ಲಿಷ್ ಮತ್ತು ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಭಾಷಾಕುಟುಂಬಕ್ಕೆ ಸೇರಿದವು. ಮೊಣಕಾಲಿಗೆ ಸಂಸ್ಕೃತದಲ್ಲಿ ‘ಜಾನು’ ಎನ್ನುತ್ತಾರೆ. ಮೊಣಕಾಲು ಮುಟ್ಟುವಷ್ಟು ನೀಳವಾದ ತೋಳುಳ್ಳವನೆಂಬ ಅರ್ಥದಲ್ಲಿ ನಾವು ‘ಆಜಾನುಬಾಹು’ ಎನ್ನುವಾಗ ಬಳಸುವ ಜಾನುವೂ ಇಂಗ್ಲಿಷಿನ ನೀ ಎಂಬುದೂ ಒಂದೇ ಬೇರಿನಿಂದ ಬಂದವು. ತಿಳಿಯುವುದು ಎಂಬ ಅರ್ಥದ ‘ನೋ’ ಪದದ ಕಥೆ ಇದಕ್ಕಿಂತ ಸೊಗಸು. ಕೆ-ಎನ್-ಒ-ಡಬ್ಲ್ಯು ಎಂದು ಬರೆಯುವ ಈ ಪದಕ್ಕೂ ಸಂಸ್ಕೃತದ ‘ಜ್ಞಾ’ ಧಾತುವಿಗೂ ಮೂಲ ಒಂದೇ. ಆ ಮೂಲದ ಮೊದಲ ವ್ಯಂಜನ ಗ್ರೀಕಿನಲ್ಲಿ ‘ಗ್ನ’ ಆಗಿ ಉಳಿಯಿತು: ರೋಗವನ್ನು ಗುರುತಿಸುವುದು ಡಯಾಗ್ನೋಸಿಸ್, ದೇವರ ಇರವನ್ನು ತಿಳಿಯಲಾಗದು ಎನ್ನುವವನು ಅಗ್ನಾಸ್ಟಿಕ್. ಲ್ಯಾಟಿನ್ನಿನ ಮೂಲಕ ಬಂದ ರೆಕಗ್ನೈಸ್ ಎಂದರೆ ಗುರುತಿಸುವುದು, ಇಗ್ನೊರೆಂಟ್ ಎಂದರೆ ತಿಳಿಯದವನು. ನಮ್ಮ ‘ಅಜ್ಞ’ ಪದಕ್ಕೂ ಇಗ್ನೊರೆಂಟ್ ಪದಕ್ಕೂ ಅರ್ಥವೂ ಒಂದೇ, ಧಾತುವೂ ಒಂದೇ, ಮುಂದೆ ಹಚ್ಚಿದ ನಿಷೇಧವೂ ಒಂದೇ ಮೂಲದ್ದು. ಮುಂಬಯಿಯಲ್ಲಿ ಬದುಕುವವರು ಇದಕ್ಕೆ ಇನ್ನೊಂದು ಉದಾಹರಣೆಯನ್ನು ದಿನವೂ ನೋಡುತ್ತಾರೆ. ಕನ್ನಡಿಗರು ‘ಗ್ನಾನ’ ಎಂಬಂತೆ ನುಡಿಯುವ ಜ್ಞಾನವನ್ನು ಮರಾಠಿಗರು ‘ದ್ನ್ಯಾನ’ ಎಂಬಂತೆ ನುಡಿಯುತ್ತಾರೆ. ಆದುದರಿಂದಲೇ ಜ್ಞಾನೇಶ್ವರ ಎಂಬ ಹೆಸರನ್ನು ಇಲ್ಲಿ ಇಂಗ್ಲಿಷಿನಲ್ಲಿ ಡಿ-ಎನ್-ವೈ ಎಂದು ಆರಂಭಿಸುತ್ತಾರೆ. ಹಿಂದಿಯವರು ‘ಗ್ಯಾನ್’ ಎನ್ನುತ್ತಾರೆ. ಒಂದೇ ಪುರಾತನ ವ್ಯಂಜನಜೋಡಿ ನಾಲ್ಕು ಬಾಯಲ್ಲಿ ನಾಲ್ಕು ರೂಪ ಪಡೆದಿದೆ. ಇಂಗ್ಲಿಷಿನವರ ಬಾಯಲ್ಲಿ ಅದರ ಅರ್ಧ ಕರಗಿದೆ, ಅಷ್ಟೇ. ಆ ಕರಗಿದ ಕಕಾರವೂ ಒಪ್ಪಿಕೊಳ್ಳುವುದು ಎಂಬರ್ಥದ ಅಕ್ನಾಲೆಜ್ ಪದದಲ್ಲಿ ಕಿವಿಗೆ ಬೀಳುತ್ತದೆ.

ಇದೇ ಗುಂಪಿನ ನೈಟ್ ಮತ್ತು ನೇವ್ ಪದಗಳು ಹುಟ್ಟಿನಲ್ಲಿ ಸಮಾನರು. ಎರಡಕ್ಕೂ ಹಳೆಯ ಅರ್ಥ ‘ಹುಡುಗ’ ಎಂದೇ, ಹುಡುಗನು ಸೇವಕನಾದನು. ಅಲ್ಲಿಂದ ಮುಂದೆ ನೈಟ್ ಎಂಬುದು ಅರಸನ ಸೇವೆಯಲ್ಲಿ ಕುದುರೆಯೇರಿದ ಗೌರವಾನ್ವಿತ ಯೋಧನಾಗಿ ಮೇಲೇರಿತು, ನೇವ್ ಎಂಬುದು ಠಕ್ಕ, ಮೋಸಗಾರ ಎಂಬ ಅರ್ಥಕ್ಕೆ ಇಳಿಯಿತು. ಇಸ್ಪೀಟಿನ ಎಲೆಗಳಲ್ಲಿ ನಾವು ‘ಗುಲಾಮ’ ಎನ್ನುವ ಎಲೆಗೆ ಇಂಗ್ಲಿಷಿನಲ್ಲಿ ನೇವ್ ಎಂಬ ಹೆಸರೂ ಇದೆ; ಅಲ್ಲಿ ಅದರ ಹಳೆಯ ‘ಸೇವಕ’ ಎಂಬ ಅರ್ಥ ಹಾಗೆಯೇ ಉಳಿದಿದೆ.

ಎಲ್ಲ ಕೆ-ಎನ್ ಪದಗಳಲ್ಲೂ ಕಕಾರ ಬಿದ್ದಿರುತ್ತದೆ ಎಂದು ತಿಳಿಯಬಾರದು. ಕೋಟೆ ಭಾಗದ ಕಾಲಾ ಘೋಡಾದಲ್ಲಿ 1884ರಲ್ಲಿ ಕಟ್ಟಿದ ಯೆಹೂದಿ ಪ್ರಾರ್ಥನಾಮಂದಿರವೊಂದಿದೆ. ಅದರ ಹೆಸರು ಕ್ನೆಸೆತ್ ಎಲಿಯಾಹು. ಸಭೆ, ಸಮಾವೇಶ ಎಂಬ ಅರ್ಥದ ಆ ಮೊದಲ ಪದ ಹೀಬ್ರೂ ಭಾಷೆಯದು. ಇಂಗ್ಲಿಷಿನಲ್ಲಿ ಕಕಾರ ಬಿದ್ದುಹೋದ ಬದಲಾವಣೆಗೆ ಅದು ಒಳಗಾಗಲೇ ಇಲ್ಲ. ಆದ್ದರಿಂದ ಅಲ್ಲಿ ಕ ಮತ್ತು ನ ಎರಡನ್ನೂ ನುಡಿಯಬೇಕು. ಅದೇ ಬೀದಿಯ ‘ಘೋಡಾ’ ಪದದಲ್ಲಿ ಜಿ-ಎಚ್ ಜೋಡಿಗೂ ನಮ್ಮ ಘಕಾರದ ಪೂರ್ಣ ಬೆಲೆ ಇದೆ. ಪದ ಯಾವ ಭಾಷೆಯಿಂದ ಬಂತು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಬೀದಿ ಈ ನಗರದಲ್ಲಿ ನನಗೆ ತೋರುವುದಿಲ್ಲ.

ಜಿ-ಎಚ್ ವಿಷಯ ಹೆಚ್ಚು ತೊಡಕಿನದು. ಉರ್ದು ಚೆನ್ನಾಗಿ ಬಲ್ಲವರು ‘ಖಬರ್’ ಎನ್ನುವಾಗ ಗಂಟಲಿನಲ್ಲಿ ಉಜ್ಜಿ ಹೊರಡಿಸುವ ಧ್ವನಿಯನ್ನು ಹೋಲುವ ಒಂದು ಧ್ವನಿ ಹಳೆಯ ಇಂಗ್ಲಿಷಿನಲ್ಲಿತ್ತು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ರೂಢಿಯಲ್ಲಿ ಪಳಗಿದ ಲಿಪಿಕಾರರು ಆ ಧ್ವನಿಗೆ ಕ್ರಮೇಣ ಜಿ-ಎಚ್ ಜೋಡಿಯನ್ನು ಬಳಸತೊಡಗಿದರು. ಮುಂದೆ ಬಹುತೇಕ ಇಂಗ್ಲಿಷರ ಬಾಯಿಂದ ಆ ಧ್ವನಿ ಮಾಯವಾಯಿತು, ಜೋಡಿ ಮಾತ್ರ ಬರಹದಲ್ಲಿ ನಿಂತಿತು. ಸ್ಕಾಟ್ಲೆಂಡಿನಲ್ಲಿ ರಾತ್ರಿಗೆ ಇಂದಿಗೂ ‘ನಿಖ್ಟ್’ ಎಂಬಂತೆ ಹೇಳುವವರಿದ್ದಾರೆ, ಜರ್ಮನರು ‘ನಾಖ್ಟ್’ ಎನ್ನುತ್ತಾರೆ. ಸಂಸ್ಕೃತದಲ್ಲಿ ಅದೇ ‘ನಕ್ತ’. ಇಂಗ್ಲಿಷಿನ ಏಟ್ ಎಂದರೆ ಎಂಟು, ಸಂಸ್ಕೃತದ ‘ಅಷ್ಟ’. ಡಾಟರ್ ಎಂದರೆ ಮಗಳು, ಸಂಸ್ಕೃತದ ‘ದುಹಿತೃ’. ಇಂಗ್ಲಿಷ್ ಪದಗಳಲ್ಲಿ ಜಿ-ಎಚ್ ಕುಳಿತ ಜಾಗದಲ್ಲೇ ನಮ್ಮ ಪದಗಳಲ್ಲಿ ಕ, ಷ, ಹ ವ್ಯಂಜನಗಳು ಕುಳಿತಿವೆ. ಲೈಟ್ ಎಂದರೆ ಬೆಳಕು, ಮೈಟ್ ಎಂದರೆ ಬಲ, ಫ್ರೈಟ್ ಎಂದರೆ ಹೆದರಿಕೆ, ಸ್ಲೈಟ್ ಎಂದರೆ ಅಲ್ಪ, ಸ್ಲಾಟರ್ ಎಂದರೆ ವಧೆ ಎಂಬ ಪದಗಳೂ ಇದೇ ಸಾಲಿಗೆ ಸೇರುತ್ತವೆ.

ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತವಾದ ಒಂದು ಸಂಗತಿ ಇಲ್ಲಿದೆ. ಥಿಂಕ್ ಎಂಬ ಕ್ರಿಯಾಪದದ ಭೂತಕಾಲ ಥಾಟ್, ಸೀಕ್ ಎಂಬುದರದು ಸಾಟ್, ಟೀಚ್ ಎಂಬುದರದು ಟಾಟ್, ಬ್ರಿಂಗ್ ಎಂಬುದರದು ಬ್ರಾಟ್. ಈ ಭೂತರೂಪಗಳಿಗೆಲ್ಲ ನಡುವೆ ಜಿ-ಎಚ್ ಏಕೆ ಬಂತು? ಮೂಲರೂಪದ ಕೊನೆಯಲ್ಲಿ ಕ, ಚ ಅಥವಾ ಗ ಇರುವುದನ್ನು ಗಮನಿಸಬೇಕು. ಅದರ ಮುಂದೆ ಭೂತಕಾಲದ ‘ಟ್’ ಬಂದಾಗ ಆ ವ್ಯಂಜನ ಗಂಟಲಿನ ಉಜ್ಜುಧ್ವನಿಯಾಗಿ ಸಡಿಲಗೊಂಡಿತು, ಮುಂದೆ ಅದೂ ಬಿದ್ದಿತು. ಹುಡುಕುವುದು ಎಂಬರ್ಥದ ಸೀಕ್ ಪದದ ಕಕಾರವೇ ಸಾಟ್ ಪದದ ಜಿ-ಎಚ್ ಆಗಿದೆ. ವರ್ಕ್ ಎಂಬ ಕ್ರಿಯಾಪದದ ಹಳೆಯ ಭೂತರೂಪ ರಾಟ್ ಕೂಡ ಹೀಗೆಯೇ ಹುಟ್ಟಿದ್ದು. ಹಳೆಯ ಕಟ್ಟಡಗಳ ಬಾಲ್ಕನಿಯ ಕಂಬಿಗಳನ್ನು ವರ್ಣಿಸುವಾಗ ಕೇಳಿಬರುವ ‘ರಾಟ್ ಐರನ್’ ಎಂದರೆ ಕಾಯಿಸಿ ಬಡಿದು ರೂಪಿಸಿದ ಕಬ್ಬಿಣ. ಹೀಗೆ ನೋಡಿದಾಗ ಭೂತಕಾಲದ ಪಟ್ಟಿಯನ್ನು ಬರೀ ಉರು ಹೊಡೆಯುವ ಶ್ರಮ ಎಷ್ಟೋ ಕಡಿಮೆಯಾಗುತ್ತದೆ.

ಕೆಲವು ಪದಗಳ ಕೊನೆಯಲ್ಲಿ ಆ ಗಂಟಲಧ್ವನಿ ಬೀಳುವ ಬದಲು ತುಟಿಗೆ ಸರಿದು ‘ಫ್’ ಆಯಿತು. ರಫ್ ಎಂದರೆ ಒರಟು, ಟಫ್ ಎಂದರೆ ಗಟ್ಟಿ, ಎನಫ್ ಎಂದರೆ ಸಾಕಷ್ಟು, ಕಾಫ್ ಎಂದರೆ ಕೆಮ್ಮು, ಲಾಫ್ ಎಂದರೆ ನಗು, ಟ್ರಾಫ್ ಎಂದರೆ ದನಗಳಿಗೆ ನೀರು, ಮೇವು ಹಾಕುವ ಬಾನಿ. ಹೆಚ್ಚುಕಡಿಮೆ ಇದೇ ಬರಹದ ಥ್ರೂ (ಮೂಲಕ), ದೋ (ಆದಾಗ್ಯೂ), ಬೌ (ಮರದ ಕೊಂಬೆ) ಪದಗಳಲ್ಲಿ ಅದು ಪೂರ್ತಿ ಬಿದ್ದಿತು. ಬೇರೆಬೇರೆ ಪ್ರಾಂತಗಳ ಉಚ್ಚಾರಣೆಗಳು ಲಂಡನ್ನಿನಲ್ಲಿ ಬಂದು ಬೆರೆತ ಪರಿಣಾಮ ಇದು. ಇಲ್ಲಿ ನಿಯಮವನ್ನು ಹುಡುಕಿ ಸುಸ್ತಾಗುವುದಕ್ಕಿಂತ ಪಟ್ಟಿಯನ್ನು ಕಲಿಯುವುದೇ ಮೇಲು. ಜಿ-ಎಚ್ ಮುಂದೆ ಟಿ ಬಂದರೆ ಅದು ಸಾಮಾನ್ಯವಾಗಿ ಮೌನ ಎಂಬ ಸೂತ್ರವನ್ನು ಮಾತ್ರ ನೆಚ್ಚಬಹುದು. ಲಾಫ್ ಪದದಿಂದಲೇ ಬಂದ ಲಾಫ್ಟರ್ ಇದಕ್ಕೆ ಅಪವಾದ, ಆದುದರಿಂದ ಒಂದೇ ಅಕ್ಷರದ ವ್ಯತ್ಯಾಸವಿರುವ ಡಾಟರ್ ಮತ್ತು ಲಾಫ್ಟರ್ ಕಿವಿಗೆ ಇಷ್ಟೊಂದು ದೂರ.

ಪದದ ಆದಿಯ ಜಿ-ಎಚ್ ಇವೆಲ್ಲಕ್ಕಿಂತ ಬೇರೆ. ಗೋಸ್ಟ್ ಪದದಲ್ಲಿ ಮೊದಲು ಎಚ್ ಇರಲಿಲ್ಲ. ಕ್ಯಾಕ್ಸ್ಟನ್ ಬೆಲ್ಜಿಯಂ ಸೀಮೆಯ ಬ್ರೂಜಸ್ ನಗರದಲ್ಲಿ ಬಹುಕಾಲ ಇದ್ದು ಬಂದವನು; ಅಲ್ಲಿನ ಫ್ಲೆಮಿಶ್ ಭಾಷೆಯಲ್ಲಿ ಆ ಪದಕ್ಕೆ ಎಚ್ ಸೇರಿಸಿ ಬರೆಯುವ ರೂಢಿಯಿತ್ತು, ಅವನ ಮುದ್ರಣಾಲಯದ ಮೂಲಕ ಅದು ಇಂಗ್ಲಿಷಿಗೆ ಬಂತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಘೀ ಮತ್ತು ಘಾಟ್ ಪದಗಳು ಭಾರತದಿಂದ ಹೋದವು. ನಮ್ಮ ಘಕಾರವನ್ನು ತೋರಿಸಲೆಂದೇ ಅವುಗಳಲ್ಲಿ ಎಚ್ ಇದೆ, ಇಂಗ್ಲಿಷರ ನಾಲಗೆಗೆ ಮಹಾಪ್ರಾಣ ಒಗ್ಗದೆ ‘ಗೀ’, ‘ಗಾಟ್’ ಆಯಿತು.

ಡಬ್ಲ್ಯು-ಆರ್ ಗುಂಪಿನಲ್ಲಿ ವಕಾರ ಬಿದ್ದಿದೆ, ಆದರೆ ಅರ್ಥದ ಎಳೆ ಗಟ್ಟಿಯಾಗಿದೆ. ರಿಂಗ್ ಎಂದರೆ ಒದ್ದೆ ಬಟ್ಟೆಯನ್ನು ಹಿಂಡುವುದು, ರೆಂಚ್ ಎಂದರೆ ತಿರುಚಿ ಎಳೆಯುವುದು ಮತ್ತು ಹಾಗೆ ತಿರುಗಿಸುವ ಪಾನಾ, ರಿಸ್ಟ್ ಎಂದರೆ ತಿರುಗುವ ಮಣಿಕಟ್ಟು, ರೀತ್ ಎಂದರೆ ಸುತ್ತಿ ಕಟ್ಟಿದ ಹೂಮಾಲೆ, ರಿಗಲ್ ಎಂದರೆ ಹುಳುವಿನಂತೆ ಹೊರಳಾಡುವುದು, ರೆಸಲ್ ಎಂದರೆ ಕುಸ್ತಿಯಾಡುವುದು, ರೈ ಎಂದರೆ ಸೊಟ್ಟ, ರಾಂಗ್ ಎಂದರೆ ಮೂಲತಃ ಸೊಟ್ಟದ್ದು, ಈಗ ತಪ್ಪು. ಇವುಗಳಲ್ಲೆಲ್ಲ ತಿರುಚುವ, ಹೊರಳುವ ಭಾವ ಕಾಣುತ್ತದೆ. ಹಿಂಡುವ ರಿಂಗ್ ಪದಕ್ಕೆ ಡಬ್ಲ್ಯು ಬೇಕು, ಉಂಗುರದ ರಿಂಗ್ ಪದಕ್ಕೆ ಬೇಡ ಎಂಬುದು ಇದರಿಂದ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

‘ರೈಟ್’ ಎಂಬ ಒಂದೇ ಉಚ್ಚಾರಣೆಗೆ ಬರಹದಲ್ಲಿ ನಾಲ್ಕು ಪದಗಳಿವೆ: ಬರೆಯುವುದು, ಸರಿಯಾದದ್ದು, ಧಾರ್ಮಿಕ ವಿಧಿ ಮತ್ತು ಕುಶಲಕರ್ಮಿ. ಬರೆಯುವುದು ಎಂಬ ಪದದ ಮೂಲಾರ್ಥ ಗೀರುವುದು, ಕೆತ್ತುವುದು. ಕೊನೆಯದು ಡಬ್ಲ್ಯು-ಆರ್ ಮತ್ತು ಜಿ-ಎಚ್ ಎರಡನ್ನೂ ಹೊತ್ತಿರುವ ಪದ, ವರ್ಕ್ ಎಂಬುದರ ಬಂಧು. ಅದು ಈಗ ಒಂಟಿಯಾಗಿ ಹೆಚ್ಚು ಬಳಕೆಯಲ್ಲಿಲ್ಲ, ಸಮಾಸಗಳಲ್ಲಿದೆ. ವೀಲ್‌ರೈಟ್ ಎಂದರೆ ಗಾಲಿ ಮಾಡುವ ಬಡಗಿ, ಶಿಪ್‌ರೈಟ್ ಎಂದರೆ ಹಡಗು ಕಟ್ಟುವವನು. ಮುಂಬಯಿಯ ಇತಿಹಾಸದಲ್ಲಿ ಈ ಎರಡನೆಯ ಪದಕ್ಕೆ ದೊಡ್ಡ ಸ್ಥಾನವಿದೆ. 1736ರಲ್ಲಿ ಸೂರತ್ತಿನಿಂದ ಇಲ್ಲಿಗೆ ಬಂದ ಲವ್ಜಿ ನಸರ್ವಾನ್‌ಜಿ ವಾಡಿಯಾ ಮತ್ತು ಅವರ ವಂಶದವರು ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ಹಡಗುಗಳನ್ನು ಕಟ್ಟಿದ ಶಿಪ್‌ರೈಟರು. ಅವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ನಾಟಕಕಾರನಿಗೆ ಪ್ಲೇರೈಟ್ ಎನ್ನುವಾಗಲೂ ಬಳಸುವುದು ಇದೇ ಪದವನ್ನು. ನಾಟಕವನ್ನು ‘ಬರೆಯುವವನು’ ಎಂದು ತಿಳಿದು ಅದರ ಸ್ಪೆಲ್ಲಿಂಗನ್ನು ತಪ್ಪಾಗಿ ಬರೆಯುವವರು ಬಹಳ; ಆತ ನಾಟಕವನ್ನು ಕಟ್ಟುವವನು, ಹಡಗು ಕಟ್ಟುವವನ ಹಾಗೆ.

ಇಷ್ಟು ಹೊತ್ತು ಹೇಳಿದ ಪದಗಳಲ್ಲಿ ಮೌನವಾದ ಅಕ್ಷರವನ್ನು ನೆನಪಿಡಲು ಇತಿಹಾಸ ಬೇಕಾಯಿತು. ಇನ್ನು ಕೆಲವು ಗುಂಪುಗಳಲ್ಲಿ ಇತಿಹಾಸವೂ ಬೇಡ, ಪದದ ನೆಂಟರನ್ನು ಕರೆದು ಕೇಳಿದರೆ ಸಾಕು. ಸೈನ್ ಎಂದರೆ ಸಹಿ, ಗುರುತು; ಅದರಲ್ಲಿ ಜಿ ಕೇಳಿಸುವುದಿಲ್ಲ, ಆದರೆ ಸಿಗ್ನಲ್ ಮತ್ತು ಸಿಗ್ನೇಚರ್ ಪದಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ರಿಸೈನ್ ಎಂದರೆ ರಾಜೀನಾಮೆ ಕೊಡುವುದು; ರೆಸಿಗ್ನೇಶನ್ ಎನ್ನುವಾಗ ಜಿ ಎದ್ದು ಬರುತ್ತದೆ. ಮಲೈನ್ ಎಂದರೆ ದೂಷಿಸುವುದು. ವೈದ್ಯರು ಕ್ಯಾನ್ಸರ್ ಗಡ್ಡೆಗೆ ಹೇಳುವ ಮಲಿಗ್ನೆಂಟ್ ಅದರ ನೆಂಟ. ಎಂ-ಎನ್ ಕೊನೆಯಾದ ಪದಗಳೂ ಹೀಗೆಯೇ: ಆಟಮ್ ಎಂದರೆ ಎಲೆಯುದುರುವ ಕಾಲ, ಆಟಮ್ನಲ್ ಎಂದರೆ ಆ ಕಾಲದ, ಕಾಲಮ್ ಎಂದರೆ ಕಂಬ ಅಥವಾ ಪತ್ರಿಕೆಯ ಅಂಕಣ, ಕಾಲಮ್ನಿಸ್ಟ್ ಎಂದರೆ ಅಂಕಣಕಾರ, ಸಾಲಮ್ ಎಂದರೆ ಗಂಭೀರ, ಸಲೆಮ್ನಿಟಿ ಎಂದರೆ ಗಾಂಭೀರ್ಯ, ಕಂಡೆಮ್ ಎಂದರೆ ಖಂಡಿಸುವುದು, ಕಾಂಡೆಮ್ನೇಶನ್ ಎಂದರೆ ಖಂಡನೆ. ಬಾಂಬ್ ಪದದ ಕೊನೆಯ ಬಕಾರವನ್ನು ನಾವು ಕನ್ನಡದಲ್ಲಿ ನುಡಿಯುತ್ತೇವೆ, ಇಂಗ್ಲಿಷರು ನುಡಿಯುವುದಿಲ್ಲ; ಬಂಬಾರ್ಡ್ ಎನ್ನುವಾಗ ಮಾತ್ರ ನುಡಿಯುತ್ತಾರೆ. ಕ್ರಮ್ ಎಂದರೆ ರೊಟ್ಟಿಯ ಚೂರು, ಕ್ರಂಬಲ್ ಎಂದರೆ ಚೂರುಚೂರಾಗುವುದು. ಮಸಲ್ ಎಂದರೆ ಸ್ನಾಯು. ಅದರ ಮೌನವಾದ ಸಿ, ಮಸ್ಕ್ಯುಲರ್ ಪದದಲ್ಲಿ ‘ಕ್’ ಆಗಿ ಕೇಳುತ್ತದೆ. ಉಚ್ಚಾರಣೆಗೆ ತಕ್ಕಂತೆ ಸ್ಪೆಲ್ಲಿಂಗನ್ನು ತಿದ್ದಿಬಿಟ್ಟರೆ ಈ ನಂಟುಗಳೆಲ್ಲ ಕಣ್ಮರೆಯಾಗುತ್ತವೆ. ಇಂಗ್ಲಿಷ್ ಬರಹವನ್ನು ಅವೈಜ್ಞಾನಿಕವೆಂದು ಹಳಿಯುವವರು ಈ ಲಾಭವನ್ನೂ ತೂಗಿ ನೋಡಬೇಕೆಂದು ನನಗೆ ತೋರುತ್ತದೆ.

ಎಲ್ಲ ಮೌನಾಕ್ಷರಗಳೂ ಹೀಗೆ ಹಕ್ಕಿನಿಂದ ಬಂದು ಕುಳಿತವಲ್ಲ. ಸಾಲ ಎಂಬರ್ಥದ ಡೆಟ್, ಸಂಶಯ ಎಂಬರ್ಥದ ಡೌಟ್ ಪದಗಳು ಫ್ರೆಂಚಿನಿಂದ ಬಂದಾಗ ಅವುಗಳಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ವ್ಯಾಮೋಹ ಹೆಚ್ಚಿದ್ದ 15, 16ನೇ ಶತಮಾನಗಳ ಪಂಡಿತರು, ಅವುಗಳ ಲ್ಯಾಟಿನ್ ಪೂರ್ವರೂಪಗಳಾದ ‘ಡೆಬಿಟುಮ್’, ‘ಡುಬಿಟಾರೆ’ ಎಂಬವುಗಳಲ್ಲಿ ಬಕಾರವಿದೆಯೆಂಬ ಕಾರಣಕ್ಕೆ ಬರಹದಲ್ಲಿ ಬಿ ತುರುಕಿದರು. ಜನರು ಅದನ್ನು ಎಂದೂ ನುಡಿಯಲಿಲ್ಲ. ಬಿ ಅಕ್ಷರವನ್ನು ನುಡಿಯದವರ ಮೇಲೆ ಸಿಡುಕುವ ಒಬ್ಬ ಪಂಡಿತನನ್ನು ಶೇಕ್ಸ್‌ಪಿಯರ್ ತನ್ನ ಒಂದು ಹಾಸ್ಯನಾಟಕದಲ್ಲಿ ತಂದಿದ್ದಾನೆ. ಹಾಗಿದ್ದರೂ ಇಂದು ಆ ಬಿ ಒಂದು ಉಪಕಾರ ಮಾಡುತ್ತದೆ: ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುವ ಡೆಬಿಟ್, ಷೇರುಪೇಟೆಯ ಡಿಬೆಂಚರ್ ಪದಗಳು ಡೆಟ್ ಪದದ ನೆಂಟರೆಂಬುದನ್ನು ಅದು ಕಣ್ಣಿಗೆ ತೋರಿಸುತ್ತದೆ.

ಹೌಸಿಂಗ್ ಸೊಸೈಟಿಯವರು ಮೇಂಟೆನೆನ್ಸ್ ಹಣಕ್ಕೆ ಪ್ರತಿಯಾಗಿ ಕೊಡುವ ರಿಸೀಟ್ ಚೀಟಿಯ ತಲೆಬರಹವನ್ನು ನೋಡಿ. ಅದರಲ್ಲಿರುವ ಪಿ ಕೂಡ ಇದೇ ಬಗೆಯ ಪಂಡಿತರ ಕೊಡುಗೆ; ಸ್ವಾಗತ ಎಂಬರ್ಥದ ರಿಸೆಪ್ಶನ್ ಪದದಲ್ಲಿ ಅದು ಕೇಳಿಸುತ್ತದೆ. ಆದರೆ ಅದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಡಿಸೀಟ್ (ವಂಚನೆ), ಕನ್ಸೀಟ್ (ಅಹಂಭಾವ) ಪದಗಳಿಗೆ ಪಿ ನಿಲ್ಲಲಿಲ್ಲ, ಅವುಗಳ ನೆಂಟರಾದ ಡಿಸೆಪ್ಶನ್, ಕನ್ಸೆಪ್ಶನ್ ಪದಗಳಲ್ಲಿ ಪಕಾರ ಇದ್ದರೂ ಕೂಡ. ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವ ಜಾಗ ಇದು, ಇಲ್ಲಿ ಮೂರನ್ನೂ ಒಟ್ಟಿಗೆ ಬರೆದು ಕಣ್ಣಿಗೆ ಅಭ್ಯಾಸ ಮಾಡಿಸಬೇಕು. ನಾವು ಬಳಸುವ ‘ರಸೀದಿ’ಗೂ ರಿಸೀಟಿಗೂ ಸಂಬಂಧವಿಲ್ಲ, ಅದು ‘ಬಂದು ಮುಟ್ಟಿತು’ ಎಂಬರ್ಥದ ಫಾರ್ಸಿ (ಪರ್ಷಿಯನ್) ಪದ.

ಪಂಡಿತರ ತಿದ್ದುಪಡಿ ಕೆಲವೆಡೆ ಪೂರ್ತಿ ದಾರಿ ತಪ್ಪಿತು. ದ್ವೀಪ ಎಂಬರ್ಥದ ಐಲೆಂಡ್ ಅಪ್ಪಟ ಇಂಗ್ಲಿಷ್ ಪದ, ಅದರಲ್ಲಿ ಎಸ್ ಇರಲೇ ಇಲ್ಲ. ಅದೇ ಅರ್ಥದ, ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಫ್ರೆಂಚಿನ ಮೂಲಕ ಬಂದ ಐಲ್ ಎಂಬ ಇನ್ನೊಂದು ಪದಕ್ಕೂ ಇದಕ್ಕೂ ನಂಟಿದೆಯೆಂದು ತಪ್ಪಾಗಿ ಭಾವಿಸಿ ಅದರ ಎಸ್ ಅಕ್ಷರವನ್ನು ಇದಕ್ಕೂ ಹಚ್ಚಿದರು. ಆನಂದ ಎಂಬರ್ಥದ ಡಿಲೈಟ್ ಪದದ ಜಿ-ಎಚ್ ಸಹ ಹೀಗೆಯೇ. ಫ್ರೆಂಚಿನಿಂದ ಬಂದ ಆ ಪದಕ್ಕೂ ಬೆಳಕಿನ ಲೈಟ್ ಪದಕ್ಕೂ ರಕ್ತಸಂಬಂಧವಿಲ್ಲ, ಪ್ರಾಸದ ಸಂಬಂಧ ಮಾತ್ರ ಇದೆ. ಕುಡ್ ಪದದ ಎಲ್ ಅಕ್ಷರ ವುಡ್, ಶುಡ್ ಪದಗಳನ್ನು ನೋಡಿ ಅಂಟಿಸಿಕೊಂಡದ್ದು. ಅಮೆರಿಕದಲ್ಲಿ 1828ರಲ್ಲಿ ದೊಡ್ಡ ನಿಘಂಟು ಪ್ರಕಟಿಸಿದ ನೋವಾ ವೆಬ್‌ಸ್ಟರ್ ಇಂಥ ಅನೇಕ ಸ್ಪೆಲ್ಲಿಂಗುಗಳನ್ನು ಸರಳಗೊಳಿಸಲು ಹೊರಟನು; ಕಲರ್ ಪದದ ಯು ಬಿಡುವುದನ್ನು ಅಮೆರಿಕನ್ನರು ಒಪ್ಪಿದರು, ಆದರೆ ನಾಲಗೆ ಎಂಬರ್ಥದ ಟಂಗ್ ಪದವನ್ನು ಟಿ-ಯು-ಎನ್-ಜಿ ಎಂದು ಬರೆಯಿರಿ ಎಂಬ ಸಲಹೆಯನ್ನು ಅವರೂ ಒಪ್ಪಲಿಲ್ಲ.

ಗ್ರೀಕಿನಿಂದ ಬಂದ ಪದಗಳ ವಿಷಯವನ್ನು ಚುಟುಕಾಗಿ ಹೇಳಬಹುದು, ಏಕೆಂದರೆ ಅಲ್ಲಿ ಗೊಂದಲ ಕಡಿಮೆ. ಪಿ-ಎಸ್, ಪಿ-ಎನ್, ಪಿ-ಟಿ ಎಂಬ ಜೋಡಿಗಳನ್ನು ಗ್ರೀಕರು ಪದದ ಆದಿಯಲ್ಲಿಯೂ ಸಲೀಸಾಗಿ ನುಡಿಯುತ್ತಿದ್ದರು, ಇಂಗ್ಲಿಷರಿಗೆ ಅದು ಒಗ್ಗಲಿಲ್ಲ. ಸೈಕಾಲಜಿ ಎಂದರೆ ಮನಶ್ಶಾಸ್ತ್ರ, ಸೂಡೋ ಎಂದರೆ ಹುಸಿ, ಸಾಮ್ ಎಂದರೆ ಬೈಬಲ್ಲಿನ ಕೀರ್ತನೆ, ನ್ಯುಮೋನಿಯಾ ಎಂದರೆ ಶ್ವಾಸಕೋಶದ ಉರಿಯೂತ. ಎಲ್ಲದರಲ್ಲೂ ಮೊದಲ ಪಿ ಮೌನ. ಅದೇ ಜೋಡಿ ಪದದ ನಡುವೆ ಬಂದರೆ ನಾಲಗೆಗೆ ಕಷ್ಟವಿಲ್ಲ. ‘ಪ್ಟೆರಾನ್’ ಎಂದರೆ ಗ್ರೀಕಿನಲ್ಲಿ ರೆಕ್ಕೆ. ಕೋಟ್ಯಂತರ ವರ್ಷಗಳ ಹಿಂದೆ ಅಳಿದ ಹಾರುವ ಸರೀಸೃಪ ಟೆರೊಡ್ಯಾಕ್ಟಿಲ್ ಎಂಬುದರ ಹೆಸರಿನ ಆದಿಯಲ್ಲಿ ಆ ರೆಕ್ಕೆಯ ಪಕಾರ ಮೌನವಾಗಿದೆ. ಜುಹುವಿನ ವಿಮಾನನಿಲ್ದಾಣದಿಂದ ಹಾರುವ ಹೆಲಿಕಾಪ್ಟರಿನ ಹೆಸರಿನಲ್ಲಿಯೂ ಅದೇ ರೆಕ್ಕೆ ಇದೆ: ‘ಹೆಲಿಕೊ’ ಎಂದರೆ ಸುರುಳಿ, ‘ಪ್ಟರ್’ ಎಂದರೆ ರೆಕ್ಕೆ. ಅಲ್ಲಿ ಪಕಾರವನ್ನು ಎಲ್ಲರೂ ಸ್ಪಷ್ಟವಾಗಿಯೇ ನುಡಿಯುತ್ತಾರೆ, ಏಕೆಂದರೆ ಅದರ ಹಿಂದೆ ಆತುಕೊಳ್ಳಲು ಒಂದು ಸ್ವರವಿದೆ.

ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ತಂದೆತಾಯಿಗಳು ಒಂದು ಪುಟಕ್ಕೆ ಒಂದು ಅಕ್ಷರಜೋಡಿ ಎಂದು ಇಟ್ಟುಕೊಂಡು, ಪದ, ಕನ್ನಡದ ಅರ್ಥ, ಮೌನಾಕ್ಷರ ಕೇಳಿಸುವ ನೆಂಟಪದ ಎಂಬ ಮೂರು ಸಾಲು ಮಾಡಿಸಬಹುದು. ಮೂರನೆಯ ಸಾಲು ಎಲ್ಲ ಪದಗಳಿಗೂ ತುಂಬುವುದಿಲ್ಲ. ತುಂಬದೆ ಉಳಿದ ಪದಕ್ಕೆ ಮೂಲವನ್ನು ಹೇಳುವ ಒಳ್ಳೆಯ ನಿಘಂಟನ್ನು ತೆರೆದು, ಆ ಅಕ್ಷರ ಹಿಂದೆ ನುಡಿಯಲ್ಲಿದ್ದು ಬಿದ್ದದ್ದೋ, ಪಂಡಿತರು ತುರುಕಿದ್ದೋ, ಬೇರೆ ಪದವನ್ನು ನೋಡಿ ಅಂಟಿಕೊಂಡದ್ದೋ, ಹೊರಗಿನ ಭಾಷೆಯಿಂದ ಹಾಗೆಯೇ ಬಂದದ್ದೋ ಎಂಬುದನ್ನು ಮಗುವಿನಿಂದಲೇ ಹುಡುಕಿಸಿ ಆ ಜಾಗದಲ್ಲಿ ಬರೆಸಬೇಕು.